ಸಂಪಿಗೆಯ ಬೆನ್ನಿಗೆ ಫ್ಲ್ಯಾಷ್

ನಾವು ತೆಗೆದುಕೊಟ್ಟ ಸಂಪಿಗೆ ಹೂವಿನ ಫೋಟೋ ವಾಪಸ್ ಬಂತು. ತಂದವಳು ಊದುಬತ್ತಿ ಕಂಪನಿಯ ಸೊಸೆ. ಅವರ ಕಂಪನಿ ಚಾಮರಾಜಪೇಟೆಯಲ್ಲಿ, ನಮ್ಮ ಸ್ಟುಡಿಯೋ ಮಲ್ಲೇಶ್ವರದ ಮಾರ್ಕೆಟ್ಟಿನ ಹಿಂದಿನ ಅಡ್ಡರಸ್ತೆಯಲ್ಲಿ. ಅವಳ ಮಾವ ಕಂಪನಿ ನೋಡಿಕೊಳ್ಳುತ್ತಿದ್ದಾಗ ನಮ್ಮದೊಂದು ಫೋಟೋವೂ ವಾಪಸ್ ಬಂದದ್ದಿಲ್ಲ. ಅವರ ಊದುಬತ್ತಿ ಡಬ್ಬಿಗಳ ಮೇಲಿನ ಹೂವೆಲ್ಲ ನಮ್ಮ ಯಜಮಾನರು ತೆಗೆದದ್ದೇ. ಈಗ ಡಬ್ಬಿ ಹೊಸದು ಮಾಡುತ್ತಾರಂತೆ, ಅದಕ್ಕೆ ಹೂವೂ ಹೊಸದಾಗಿ ಬೇಕಂತೆ.

ಅವಳು ಫೋನಿನಲ್ಲಿ ಫೋಟೋವನ್ನು ದೊಡ್ಡದು ಮಾಡಿ ಯಜಮಾನರ ಮುಂದೆ ಹಿಡಿದಳು.

“ಅಂಕಲ್, ಬೇಜಾರ್ ಮಾಡ್ಕೋಬೇಡಿ. ಇದು ಪ್ಲಾಸ್ಟಿಕ್ ಹೂವಿನ ಥರ ಇದೆ.”

“ಎರಡೂ ಕಡೆಯಿಂದ ಫ್ಲ್ಯಾಷ್ ಹೊಡ್ದಿದೀನಮ್ಮ. ಒಂದು ಎಸಳೂ ಬಿಟ್ಟಿಲ್ಲ. ಎಲ್ಲಾ ಕಾಣ್ತದೆ.”

“ಅದೇ ಪ್ರಾಬ್ಲಮ್ಮು ಅಂಕಲ್, ಎಲ್ಲಾ ಕಾಣ್ತದೆ. ನಂಗೆ ಹೂವಿನ ಒಳಗೆ ಕೆಂಡ ಇಟ್ಟಂಗಿರ್ಬೇಕು. ಬೆಳಕು ಹಿಂದ್ಗಡೆಯಿಂದ ಬರ್ಬೇಕು. ಆಗಲ್ಲ ಅಂದ್ರೆ ಹೇಳ್ಬಿಡಿ, ಕಂಪ್ಯೂಟರ್‌ನಲ್ಲಿ ಮಾಡಿಸ್ಕೋತೀನಿ. ಈಗ ಹೂವೂ ಬೇಡ, ಕ್ಯಾಮೆರಾನೂ ಬೇಡ. ಸಂಪಿಗೆ ಅಂತ ಟೈಪ್ ಮಾಡಿದ್ರೆ ಸಂಪಿಗೆ ಬರ್ತದೆ.”

“ಆಗಲ್ಲ ಅಂತ ಯಾರಂದ್ರು?” ಅಂದರು ಯಜಮಾನರು.

ಅವಳು ಹೇಳಿದ್ದು ಸರಿಯೇ ಇತ್ತು. ಸಂಪಿಗೆಯ ಎಸಳು ಮೇಣ ಹಚ್ಚಿದ ಹಾಗಿರುತ್ತದೆ. ಎದುರಿನಿಂದ ಫ್ಲ್ಯಾಷ್ ಹೊಡೆದರೆ ಮೇಲೆ ಬಿಳಿ ಹೊಳಪು ಕೂರುತ್ತದೆ, ಬಣ್ಣ ಸಾಯುತ್ತದೆ. ತೆಗೆಯುವಾಗಲೇ ನಾನು ಹೇಳಿದ್ದೆ. ಅವರು ಕೇಳಿರಲಿಲ್ಲ. ಯಾಕೆ ಕೇಳಲಿಲ್ಲ ಅನ್ನುವುದು ನನಗೊಬ್ಬಳಿಗೇ ಗೊತ್ತು.

ಅವರ ಬಲಗೈ ನಡುಗುತ್ತದೆ. ಮೊದಲು ಹೆಬ್ಬೆರಳು ಮಾತ್ರ ನಡುಗುತ್ತಿತ್ತು, ಈಗ ಮೊಣಕೈವರೆಗೂ ಬಂದಿದೆ. ಡಾಕ್ಟರು ಅದಕ್ಕೊಂದು ಹೆಸರು ಹೇಳಿ ಮಾತ್ರೆ ಕೊಟ್ಟಿದ್ದಾರೆ. ಮಾತ್ರೆ ಒಳಗೆ ಹೋಗುತ್ತದೆ, ಕೈ ಮಾತ್ರ ನಿಲ್ಲುವುದಿಲ್ಲ. ಈ ವಿಷಯ ಮಾರ್ಕೆಟ್ಟಿನಲ್ಲಿ ಯಾರಿಗೂ ತಿಳಿಯದ ಹಾಗೆ ನೋಡಿಕೊಂಡು ಬಂದಿದ್ದಾರೆ. ಹೋಟೆಲಿನಲ್ಲಿ ಕಾಫಿ ಕುಡಿಯುವುದನ್ನೇ ಬಿಟ್ಟರು. ಯಾರಾದರೂ ಕೈ ಕುಲುಕಲು ಬಂದರೆ ನಮಸ್ಕಾರ ಅನ್ನುತ್ತಾರೆ. ಕೆಲಸದಲ್ಲಿ ಅವರನ್ನು ಕಾಪಾಡಿದ್ದು ಫ್ಲ್ಯಾಷ್. ಅದು ಮಿಂಚಿನ ಹಾಗೆ. ಮಿಂಚಿನಲ್ಲಿ ಓಡುವ ನಾಯಿಯೂ ನಿಂತ ಹಾಗೆ ಕಾಣುತ್ತದೆ, ಕೈ ನಡುಗಿದ್ದು ಫೋಟೋದಲ್ಲಿ ಬೀಳುವುದಿಲ್ಲ. ಕಿಟಕಿಯ ಬೆಳಕು ಹಾಗಲ್ಲ. ಅದು ಕಡಿಮೆ ಇರುತ್ತದೆ, ಕ್ಯಾಮೆರಾ ಜಾಸ್ತಿ ಹೊತ್ತು ಕಣ್ಣು ತೆರೆದಿರಬೇಕಾಗುತ್ತದೆ. ಅಷ್ಟು ಹೊತ್ತಿನಲ್ಲಿ ನಡುಗಿದ್ದೆಲ್ಲ ಅದರಲ್ಲಿ ದಾಖಲಾಗುತ್ತದೆ.

ಇದು ಜನಕ್ಕೆ ಗೊತ್ತಾದರೆ ಯಜಮಾನರು ಸ್ಟುಡಿಯೋ ಮೆಟ್ಟಿಲು ಹತ್ತುವುದಿಲ್ಲ. ಅವರು ಹತ್ತದಿದ್ದರೆ ನನಗೂ ಕೆಲಸವಿಲ್ಲ. ನಮ್ಮಲ್ಲಿ ಅವರು ಕ್ಯಾಮೆರಾ, ನಾನು ಬೆಳಕು. ಅವರ ಅಪ್ಪನ ಕಾಲದ ಕಟ್ಟಳೆ: ಬೆಳಕಿನವರು ಕ್ಯಾಮೆರಾ ಮುಟ್ಟಬಾರದು, ಕ್ಯಾಮೆರಾದವರು ಬೆಳಕು ಮುಟ್ಟಬಾರದು. ಆಯುಧಪೂಜೆಯ ದಿನ ಕೂಡ ಲೈಟಿನ ಕಂಬಗಳಿಗೆ ಕುಂಕುಮ ಇಡುವವಳು ನಾನು, ಕ್ಯಾಮೆರಾಕ್ಕೆ ಇಡುವವರು ಅವರು. ಬೆಳಕು ಹಿಡಿಯುವವಳೊಬ್ಬಳನ್ನೇ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಆದ್ದರಿಂದ ನಾನು ಮಾಡಿದ್ದನ್ನು ಗಂಡನ ಮೇಲಿನ ಪ್ರೀತಿಗೆ ಮಾಡಿದೆ ಎಂದು ಯಾರೂ ತಿಳಿಯಬೇಕಾಗಿಲ್ಲ.

ಮಾರನೆ ದಿನ ಬೆಳಿಗ್ಗೆ ಮಾರ್ಕೆಟ್ಟಿನಿಂದ ಸಂಪಿಗೆ ತಂದೆ. ಸ್ಟುಡಿಯೋದ ಹಿಂದಿನ ಕೋಣೆಗೆ ಪೂರ್ವದ ಕಿಟಕಿ ಇದೆ. ಬಿಸಿಲು ನೇರವಾಗಿ ಬಿದ್ದರೆ ಎಸಳು ಒಂದು ಕಡೆ ಸುಟ್ಟ ಹಾಗೆ, ಇನ್ನೊಂದು ಕಡೆ ಇದ್ದಲಿನ ಹಾಗೆ ಕಾಣುತ್ತದೆ, ಅದಕ್ಕೆ ಗಾಜಿಗೆ ಟ್ರೇಸಿಂಗ್ ಪೇಪರ್ ಅಂಟಿಸಿದೆ. ಕಿಟಕಿಯ ಅರ್ಧ ಅಗಲಕ್ಕೆ ಕಪ್ಪು ಬಟ್ಟೆ ಇಳಿಬಿಟ್ಟೆ. ಬೆಳಕು ಬಟ್ಟೆಯ ಪಕ್ಕದಿಂದ ನುಗ್ಗಿ ಹೂವಿನ ಬೆನ್ನಿಗೆ ಬೀಳಬೇಕು, ಲೆನ್ಸಿನ ಕಣ್ಣಿಗೆ ಬೀಳಬಾರದು. ಹಿಂದೆ ಕಪ್ಪು ಇದ್ದರೆ ತಾನೆ ಹೂವಿನ ಅಂಚು ಹೊತ್ತಿಕೊಂಡ ಹಾಗೆ ಕಾಣುವುದು? ಹೂವಿನ ತೊಟ್ಟನ್ನು ತಂತಿಗೆ ಸಿಕ್ಕಿಸಿ ತಂತಿಯನ್ನು ಹಿಟ್ಟಿನ ಉಂಡೆಗೆ ಚುಚ್ಚಿ ನಿಲ್ಲಿಸಿದೆ. ಬೆನ್ನಿಗೆ ಬೆಳಕು ಬಂದರೆ ಮುಖ ಕತ್ತಲಾಗುತ್ತದೆ. ಅದಕ್ಕೆ ಊದುಬತ್ತಿ ಪೊಟ್ಟಣದ ಬೆಳ್ಳಿ ಕಾಗದವನ್ನು ರಟ್ಟಿಗೆ ಅಂಟಿಸಿ ಮುಂದೆ ಹಿಡಿಯಲು ಇಟ್ಟುಕೊಂಡೆ.

ಎಲ್ಲ ಆದ ಮೇಲೆ ಕೈ ತಾನಾಗಿ ಚೊಂಬಿಗೆ ಹೋಯಿತು. ನನ್ನ ತಾಯಿ ಹೂವು ಮಾರುತ್ತಿದ್ದಳು. ಹೂವು ಕಂಡರೆ ನೀರು ಚಿಮುಕಿಸುವುದು ನಮ್ಮ ಕೈಗೆ ಅಂಟಿದ ಚಾಳಿ. ಚಿಮುಕಿಸಿದೆ. ಎದುರಿನ ಬೆಳಕಿನಲ್ಲಿ ನೀರು ಚೆಂದ, ಬೆನ್ನ ಬೆಳಕಿನಲ್ಲಿ ಎಸಳಿಗೆ ಬೊಬ್ಬೆ ಎದ್ದ ಹಾಗೆ ಕಂಡಿತು. ಬಟ್ಟೆಯಲ್ಲಿ ಒತ್ತಿ ತೆಗೆದೆ. ಸಂಪಿಗೆಯನ್ನು ಒತ್ತಿದರೆ ಕಪ್ಪಾಗುತ್ತದೆ. ಆ ಹೂವು ಹೋಯಿತು.

ಎರಡನೆಯದನ್ನು ನಿಲ್ಲಿಸಿದೆ. ಅದರಲ್ಲಿ ಬೇರೆ ಗ್ರಹಚಾರ. ಸಂಪಿಗೆ ಮೊಗ್ಗು ಬೇಗ ಬಿರಿಯದಿರಲಿ ಎಂದು ಮಾರುವವರು ಪ್ರತಿಯೊಂದಕ್ಕೂ ನೂಲು ಸುತ್ತುತ್ತಾರೆ. ನಾನು ನೂಲು ಬಿಚ್ಚಿ ಇಟ್ಟಿದ್ದೆ. ಎದುರಿನಿಂದ ನೋಡಿದರೆ ಏನೂ ಇಲ್ಲ. ಬೆಳಕು ಹಿಂದಿನಿಂದ ಬಂದ ಕೂಡಲೆ ಎಸಳುಗಳ ನಡುವೆ ಅಡ್ಡಲಾಗಿ ಕಂದು ಗೆರೆ, ಕುತ್ತಿಗೆಗೆ ಹಗ್ಗ ಬಿಗಿದ ಗುರುತಿನ ಹಾಗೆ.

“ಗೆರೆ ಕಾಣ್ತಿದೆ ಕಣ್ರೀ,” ಅಂದೆ.

“ನಿನ್ನ ಬೆಳಕೇ ಸರಿ ಇಲ್ಲ. ಫ್ಲ್ಯಾಷ್ ಹಾಕಿದ್ರೆ ಗೆರೆ ಎಲ್ಲಿರ್ತಿತ್ತು?”

“ಮೊದ್ಲು ಸ್ಟ್ಯಾಂಡ್ ಹಾಕ್ಕೊಂಡು ಒಂದು ತೆಗೀರಿ. ಗೆರೆ ಆಮೇಲೆ ನೋಡಾಣ.”

“ಸ್ಟ್ಯಾಂಡ್ ಯಾಕೆ? ನಾನೇನು ಕುಂಟನಾ?”

ಕೈಯಲ್ಲೇ ಹಿಡಿದು ತೆಗೆದರು. ಪರದೆಯಲ್ಲಿ ನೋಡಿದರೆ ಒಂದೊಂದು ಎಸಳಿಗೂ ಎರಡೆರಡು ಅಂಚು. ಫ್ಯಾನ್ ಗಾಳಿ ಅಂದರು, ಆರಿಸಿದೆ. ರಸ್ತೆಯಲ್ಲಿ ಬಸ್ಸು ಹೋಯಿತು ಅಂದರು. ನಮ್ಮ ಅಡ್ಡರಸ್ತೆಯಲ್ಲಿ ಆಟೋ ಹೋಗುವುದೇ ಕಷ್ಟ.

“ನೀನು ಉಸಿರು ಬಿಟ್ಟೆ,” ಅಂದರು ಕೊನೆಗೆ.

“ಉಸಿರು ಬಿಡ್ದೆ ಸಾಯ್ಲಾ?”

ನಾನೇ ಸ್ಟ್ಯಾಂಡ್ ತಂದು ಬಿಡಿಸಿ ಕ್ಯಾಮೆರಾದ ಕೆಳಗೆ ತಂದಿಟ್ಟೆ. ಮುಖ ಗಂಟಿಕ್ಕಿಕೊಂಡು ಕ್ಯಾಮೆರಾ ಅದರ ಮೇಲೆ ಕೂರಿಸಿದರು. ಆದರೆ ಒತ್ತುವುದು ಬೆರಳಿನಿಂದ ತಾನೆ. ಬೆರಳಿನ ನಡುಕ ಕ್ಯಾಮೆರಾಕ್ಕೆ ಇಳಿಯಿತು. ಮತ್ತೆ ಎರಡೆರಡು ಅಂಚು. ಆ ಕ್ಯಾಮೆರಾದಲ್ಲಿ ಒಂದು ಸೌಕರ್ಯ ಇದೆ: ಗುಂಡಿ ಒತ್ತಿ ಕೈ ತೆಗೆದರೆ ಸ್ವಲ್ಪ ಹೊತ್ತು ಬಿಟ್ಟು ತಾನೇ ತೆಗೆಯುತ್ತದೆ. ಮದುವೆ ಮನೆಗಳಲ್ಲಿ ಫೋಟೋದವರು ತಾವೂ ಗುಂಪಿನಲ್ಲಿ ನಿಲ್ಲಬೇಕಾದಾಗ ಹಾಗೆ ಮಾಡುತ್ತಾರೆ.

“ಅದನ್ನ ಹಾಕಿ,” ಅಂದೆ.

“ಆವಾಗ ಫೋಟೋ ತೆಗ್ದೋನು ಯಾರು? ಗಡಿಯಾರನಾ?”

“ಯಾರಾದ್ರೂ ಆಗ್ಲಿ, ಹೂವು ಬಂದ್ರೆ ಸರಿ.”

“ಹಂಗಾದ್ರೆ ನಾನ್ಯಾಕೆ ಇಲ್ಲಿ? ನೀನೇ ಒತ್ಕೊಂಡ್ಬಿಡು!”

ಸಿಟ್ಟು ಬಂದು, ಮೇಜಿನ ತುದಿಯಲ್ಲಿ ಇಟ್ಟಿದ್ದ ಫ್ಲ್ಯಾಷನ್ನು ಎತ್ತಿ ಹೂವಿನ ಕಡೆ ತಿರುಗಿಸಿದರು. “ಫ್ಲ್ಯಾಷ್ ಅಂದ್ರೆ ಏನು ಅಂತ ನೋಡು! ಇದು ಫ್ಲ್ಯಾಷ್!” ಎಂದು ಅದರ ಪರೀಕ್ಷೆಯ ಗುಂಡಿ ಒತ್ತಿದರು.

ನಾನು ಮೇಜಿನ ಆಚೆ ಬದಿಯಲ್ಲಿ ನಿಂತಿದ್ದೆ. ಹೂವು ನಮ್ಮಿಬ್ಬರ ಮಧ್ಯೆ ಇತ್ತು. ಅವರ ಕಡೆಯಿಂದ ಅವರಿಗೆ ಕಂಡದ್ದು ಬೆಳ್ಳಗೆ ಹೊಳೆದ ಸಂಪಿಗೆ. ನನ್ನ ಕಡೆಯಿಂದ ನನಗೆ ಕಂಡದ್ದು ಬೇರೆ. ಒಂದು ಕ್ಷಣ ಎಸಳುಗಳೆಲ್ಲ ಒಳಗಿನಿಂದ ಹೊತ್ತಿಕೊಂಡವು, ನರನರವೂ ಕಂಡಿತು. ಕಂಪನಿಯ ಸೊಸೆ ಕೇಳಿದ ಕೆಂಡ ಅದೇ.

ಕಣ್ಣು ಉಜ್ಜಿಕೊಂಡು ಅಂದೆ, “ಆಯ್ತು. ಫ್ಲ್ಯಾಷೇ ಹೊಡೀರಿ. ಆದ್ರೆ ಎದುರಿಂದ ಬೇಡ, ಹಿಂದಿಂದ ಹೊಡೀರಿ.”

“ಲೆನ್ಸ್‌ಗೆ ಹೊಡೀತದೆ, ಎಲ್ಲಾ ಮಂಜಾಗ್ತದೆ.”

“ಹೊಡೀದಂಗೆ ಮರೆ ಮಾಡೋದು ನನ್ನ ಕೆಲ್ಸ.”

ಅವರು ಫ್ಲ್ಯಾಷನ್ನು ನನ್ನ ಕೈಗೆ ಕೊಟ್ಟರು. ನಾನು ಯಾಕೆ ಹೇಳುತ್ತಿದ್ದೇನೆ ಎಂದು ಅವರಿಗೂ ಗೊತ್ತಾಗಿತ್ತು. ಕೈಗೆ ಬೇಕಾದದ್ದು ಫ್ಲ್ಯಾಷ್, ಹೂವಿಗೆ ಬೇಕಾದದ್ದು ಬೆನ್ನ ಬೆಳಕು. ಎರಡನ್ನೂ ಸೇರಿಸಿದರೆ ಸ್ಟ್ಯಾಂಡೂ ಬೇಡ, ಗಡಿಯಾರವೂ ಬೇಡ. ಕೈಯ ಹೆಸರನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನೂಲಿನ ಗೆರೆ ಒಂದು ಉಳಿಯಿತು. ಮಾರ್ಕೆಟ್ಟಿನ ಹೂವಿನವಳನ್ನು ಹಿಡಿದೆ.

“ನೂಲು ಕಟ್ದೇ ಇರೋ ಸಂಪಿಗೆ ಬೇಕು ಕಣೇ.”

“ನೂಲು ಕಟ್ಲಿಲ್ಲ ಅಂದ್ರೆ ಬಿಸ್ಲು ಏರೋದ್ರೊಳಗೆ ಬಾಯ್ಬಿಟ್ಕೊಂಡು ಕೂತಿರ್ತದೆ ಅಕ್ಕ, ನಮ್ಮನೆಯೋನ ಥರ.”

“ನಮ್ಮನೆಯೋರು ಬಾಯೇ ಬಿಡಲ್ಲ, ಅದೇ ತೊಂದ್ರೆ. ಮರ ಎಲ್ಲಿದೆ ಹೇಳು, ನಾನೇ ಕಿತ್ಕೊಂಡ್ಬರ್ತೀನಿ.”

“ಈ ವಯಸ್ಸಲ್ಲಿ ಮರ ಹತ್ತೀಯಾ? ನಿಂಗೇನು ಹುಚ್ಚಾ?” ಎಂದು ನಕ್ಕಳು. ಆಮೇಲೆ ಹೇಳಿದಳು. ಎನ್.ಆರ್. ಕಾಲೋನಿಯಲ್ಲಿ ಅವಳ ತಂಗಿ ಮನೆಗೆಲಸ ಮಾಡುವ ಮನೆಯ ಕಾಂಪೌಂಡಿನಲ್ಲಿ ಮರವಿದೆ, ಒಂದು ಕೊಂಬೆ ಮೊದಲನೆ ಮಹಡಿಯ ಬಾಲ್ಕನಿಗೆ ಬಂದಿದೆ.

ಬೆಳಕು ಹರಿಯುವಾಗ ಹೋದೆ. ಆ ತಂಗಿ ಬಾಲ್ಕನಿಗೆ ಬಿಟ್ಟಳು. ಎಸಳು ಮುಟ್ಟದೆ ತೊಟ್ಟು ಹಿಡಿದು ಚಿವುಟಿ, ಒದ್ದೆ ಬಟ್ಟೆ ಹಾಸಿದ ಸ್ಟೀಲ್ ಡಬ್ಬಿಯಲ್ಲಿ ಒಂದಕ್ಕೊಂದು ತಾಗದ ಹಾಗೆ ಮಲಗಿಸಿ ಆಟೋದಲ್ಲಿ ತಂದೆ. ಗುಂಡಿ ಬಂದಾಗಲೆಲ್ಲ ಡಬ್ಬಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದೆ. ಆಟೋದವನು ಕನ್ನಡಿಯಲ್ಲಿ ನೋಡಿ, “ಏನಮ್ಮ, ಮೊಟ್ಟೇನಾ?” ಅಂದ.

ಕೋಣೆಯನ್ನು ಪೂರ್ತಿ ಕತ್ತಲು ಮಾಡಿದೆವು. ಬೇರೆ ಬೆಳಕು ಒಂದಿಷ್ಟೂ ಇರಬಾರದು, ಫ್ಲ್ಯಾಷಿನದ್ದು ಮಾತ್ರ ಎಣಿಕೆಗೆ ಬರಬೇಕು; ಇಲ್ಲದಿದ್ದರೆ ನಡುಕ ಒಳಗೆ ನುಸುಳುತ್ತದೆ. ಫ್ಲ್ಯಾಷನ್ನು ಹೂವಿನ ಹಿಂದೆ, ಮೇಜಿನ ಮಟ್ಟಕ್ಕಿಂತ ಕೆಳಗೆ ಇಟ್ಟು ಮೇಲ್ಮುಖ ಮಾಡಿದೆ. ಮೊದಲ ಫೋಟೋ ಅವರು ಹೇಳಿದ ಹಾಗೆ ಬರೀ ಮಂಜು. ಕಪ್ಪು ಕಾಗದ ಸುತ್ತಿ ಕೊಳವೆ ಮಾಡಿ ಫ್ಲ್ಯಾಷಿನ ಬಾಯಿಗೆ ಕಟ್ಟಿದೆ. ಬೆಳಕು ಹೂವಿನ ಅಗಲಕ್ಕೆ ಮಾತ್ರ ಹೊರಬರಲಿ ಎಂದು. ಮಂಜು ಹೋಯಿತು. ಅಂಚು ಹೊತ್ತಿಕೊಂಡಿತು, ಆದರೆ ಹೂವಿನ ಹೊಟ್ಟೆ ಬಾವಿಯ ಹಾಗೆ ಕಪ್ಪು. ಬೆಳ್ಳಿ ಕಾಗದ ಸಾಲಲಿಲ್ಲ. ಎದುರಿಗೆ ಚಿಕ್ಕ ಫ್ಲ್ಯಾಷ್ ಇಟ್ಟು ಹಳೆಯ ಪಂಚೆಯನ್ನು ಮಡಿಸಿ ಅದರ ಮುಂದೆ ಕಟ್ಟಿದೆ. ಹೊಟ್ಟೆ ಕಂಡಿತು, ಕೆಂಡ ಹೋಯಿತು, ಮತ್ತೆ ಪ್ಲಾಸ್ಟಿಕ್. ಇನ್ನೊಂದು ಮಡಿಕೆ ಹಾಕಿದೆ. ಹಿಂದಕ್ಕೆ ಸರಿಸಿದೆ. ಮತ್ತೆ ಸರಿಸಿದೆ. ಗೋಡೆಗೆ ಆತುಕೊಳ್ಳುವವರೆಗೂ ಸರಿಸಿದೆ. ಮುಂದಿನ ಬೆಳಕು ಎಷ್ಟಿರಬೇಕೆಂದರೆ, ಇದ್ದಾಗ ಇದೆ ಅನ್ನುವುದು ಗೊತ್ತಾಗಬಾರದು, ತೆಗೆದರೆ ಇಲ್ಲ ಅನ್ನುವುದು ಗೊತ್ತಾಗಬೇಕು.

ಅಷ್ಟಾದ ಮೇಲೂ ಬರಲಿಲ್ಲ. ಫ್ಲ್ಯಾಷ್ ಕೈಯ ನಡುಕವನ್ನು ನಿಲ್ಲಿಸಿತು, ಆದರೆ ಅವರ ಮೈಯೇ ಹಿಂದೆ ಮುಂದೆ ತೂಗುತ್ತಿತ್ತು. ಇಷ್ಟು ಹತ್ತಿರದಿಂದ ತೆಗೆಯುವಾಗ ಗೋಧಿ ಕಾಳಿನಷ್ಟು ಸರಿದರೂ ಫೋಕಸ್ ಎಸಳಿನಿಂದ ಜಾರುತ್ತದೆ. ಸ್ಟ್ಯಾಂಡ್ ಎಂದು ನಾನು ಅನ್ನಲಿಲ್ಲ. ಮಾರ್ಕೆಟ್ಟಿನ ಅಂಗಡಿಯಿಂದ ರಾಗಿ ತುಂಬಿದ ಬಟ್ಟೆ ಚೀಲ ತಂದು ಮೇಜಿನ ಮೇಲೆ ಎಸೆದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಕ್ಯಾಮೆರಾದ ಮೂತಿಯನ್ನು ಅದರ ಮೇಲೆ ಒತ್ತಿ ಕೂರಿಸಿದರು. ರಾಗಿ ಚೀಲದಿಂದ ಮರ್ಯಾದೆ ಹೋಗುವುದಿಲ್ಲವೆಂದು ಕಾಣುತ್ತದೆ. ಆಮೇಲೆ ತಾವಾಗಿಯೇ ಲೆನ್ಸಿನ ಕಿಂಡಿಯನ್ನು ಚಿಕ್ಕದು ಮಾಡಿದರು, ಹಿಂದಿನ ಫ್ಲ್ಯಾಷನ್ನು ಪೂರ್ತಿ ಜೋರಿಗೆ ಇಡಲು ಹೇಳಿದರು. ಕಿಂಡಿ ಚಿಕ್ಕದಾದರೆ ಮುಂದಿನ ಎಸಳಿನಿಂದ ಹಿಂದಿನದರವರೆಗೂ ಸ್ಪಷ್ಟ ಬರುತ್ತದೆ, ಬೆಳಕು ಮಾತ್ರ ಜಾಸ್ತಿ ಬೇಕು. ಅದು ಅವರಿಗೆ ಗೊತ್ತಿದ್ದದ್ದು, ನನಗೆ ಗೊತ್ತಿರಲಿಲ್ಲ.

ಹೂವುಗಳು ಒಂದೊಂದಾಗಿ ಬಾಯಿ ಬಿಡುತ್ತಾ ಬಂದವು. ಡಬ್ಬಿಯಲ್ಲಿ ಉಳಿದಿದ್ದ ಕೊನೆಯದರಲ್ಲಿ ಬಂತು. ಕಪ್ಪಿನ ನಡುವೆ ಎದ್ದು ನಿಂತ ಸಂಪಿಗೆ, ಬುಡದಲ್ಲಿ ಕೆಂಪು, ತುದಿಗೆ ಹೋಗುತ್ತ ಹಳದಿ, ಮೈಮೇಲೆ ಗೆರೆಯಿಲ್ಲ. ಅವರು ಪರದೆಯಲ್ಲಿ ದೊಡ್ಡದು ಮಾಡಿ ಮೂಲೆ ಮೂಲೆ ನೋಡಿದರು.

“ಹೂಂ,” ಅಂದರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಕಂಪನಿಯ ಸೊಸೆ ಬಂದಳು, ನೋಡಿದಳು, ಕುರ್ಚಿಯಿಂದ ಎದ್ದೇಬಿಟ್ಟಳು.

“ಅಂಕಲ್! ಇದು! ಇದೇ ಕೇಳಿದ್ದು ನಾನು! ಹೆಂಗ್ ಮಾಡಿದ್ರಿ?”

ನಾನು ಹಿಂದೆ ನಿಂತು ಕಪ್ಪು ಬಟ್ಟೆ ಮಡಿಸುತ್ತಿದ್ದೆ. ಯಜಮಾನರು ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು.

“ಕೈ ಸ್ಥಿರವಾಗಿರ್ಬೇಕಮ್ಮ,” ಅಂದರು. “ಬೆಳಕು ಗಿಳಕು ಎಲ್ಲ ಆಮೇಲೆ. ಈಗಿನೋರಿಗೆ ಕೈಯೇ ನಿಲ್ಲಲ್ಲ.”

ನಾನು ಮಡಿಸಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸಿದೆ. ಬಾಯಿ ಬಿಟ್ಟಿದ್ದರೆ ಅಷ್ಟು ದಿನ ಕಾಪಾಡಿದ್ದು ಒಂದೇ ಮಾತಿಗೆ ಹೋಗುತ್ತಿತ್ತು.

“ಹಂಗಾದ್ರೆ ಮುಂದಿನದು ಮಲ್ಲಿಗೆ ಅಂಕಲ್,” ಅಂದಳು ಅವಳು. “ಅದರಲ್ಲಿ ಎಣ್ಣೆ ದೀಪ ಬೇಕು. ಹಿಂದೆ ದೀಪ ಉರೀತಿರ್ಬೇಕು, ಮುಂದೆ ಮಲ್ಲಿಗೆ ದಂಡೆ. ದೀಪದ ಬೆಳಕು ಮೊಗ್ಗಿನ ಒಳಗಿಂದ ಹಾದು ಬರ್ಬೇಕು.”

“ಆಗ್ಲಮ್ಮ, ಅದೇನ್ ಮಹಾ,” ಅಂದರು.

ಅವಳು ಮೆಟ್ಟಿಲಿಳಿದ ಮೇಲೆ ಕೇಳಿದೆ, “ದೀಪ ಅಂದ್ಳು. ಕೇಳಿಸ್ತಾ?”

“ಕಿವುಡ ಅಲ್ಲ ನಾನು.”

“ದೀಪದ ಎದುರು ಫ್ಲ್ಯಾಷ್ ಹೊಡೆದ್ರೆ ದೀಪ ಎಲ್ಲಿರ್ತದೆ?”

“ನಂಗೆ ಹೇಳ್ಕೊಡ್ಬೇಡ.”

ಹೇಳಿಕೊಡುವುದೇನಿದೆ? ಫ್ಲ್ಯಾಷಿನ ಮುಂದೆ ಎಣ್ಣೆ ದೀಪ ಅಂದರೆ ಬಿಸಿಲಿನಲ್ಲಿ ಬೀಡಿಯ ಕಿಡಿ. ದೀಪದ ಬೆಳಕು ಫೋಟೋಕ್ಕೆ ಇಳಿಯಬೇಕಾದರೆ ಕ್ಯಾಮೆರಾ ಕಣ್ಣು ತೆರೆದು ಕಾಯಲೇಬೇಕು. ಕಾದರೆ ಕೈ ಗೊತ್ತಾಗುತ್ತದೆ. ಹಿಂದಿನಿಂದ ಹೊಡೆಯುವ ನನ್ನ ಉಪಾಯ ಸಂಪಿಗೆಗೇ ಮುಗಿಯಿತು.

ಮಲ್ಲಿಗೆಯನ್ನು ಬಿಡಿಬಿಡಿಯಾಗಿ ತಂದು ನಾನೇ ಕಟ್ಟಿದೆ, ಬಿಗಿ ಮಾಡದೆ. ಈ ಸಲ ನೀರು ಮುಟ್ಟಿಸಲಿಲ್ಲ. ಹಿತ್ತಾಳೆ ದೀಪಕ್ಕೆ ಎಣ್ಣೆ ಹಾಕಿ, ಜ್ವಾಲೆ ನಿಗುರಿ ನಿಲ್ಲಲಿ ಎಂದು ಬತ್ತಿಯನ್ನು ತೆಳುವಾಗಿ ಹೊಸೆದೆ. ಗಾಳಿಗೆ ಅಲ್ಲಾಡದ ಹಾಗೆ ಮೂರು ಕಡೆ ರಟ್ಟು ನಿಲ್ಲಿಸಿದೆ. ದಂಡೆ ದೀಪಕ್ಕೆ ದೂರವಾದರೆ ಮೊಗ್ಗಿನೊಳಗೆ ಬೆಳಕು ಹೋಗುವುದಿಲ್ಲ, ಹತ್ತಿರವಾದರೆ ಶಾಖಕ್ಕೆ ಮೊಗ್ಗು ಬಿರಿದು ಕಂದುತ್ತದೆ. ಗೇಣು ದೂರದಲ್ಲಿ ಇಟ್ಟೆ.

ಮೊದಲು ರಾಗಿ ಚೀಲದ ಮೇಲೆ ತೆಗೆದರು. ಜ್ವಾಲೆಗೆ ಬಾಲ ಬಂದಿತ್ತು. ಎರಡನೆಯದೂ ಹಾಗೇ. ಆಗ ಅವರು ಎದ್ದು ಮೂಲೆಗೆ ಹೋಗಿ, ನಾನು ಹೇಳದೆ, ಸ್ಟ್ಯಾಂಡ್ ತಂದರು. ತಿರುಪು ಬಿಗಿ ಮಾಡಲು ಅವರಿಗೆ ತುಂಬ ಹೊತ್ತು ಹಿಡಿಯಿತು. ನಾನು ಸಹಾಯಕ್ಕೆ ಹೋಗಲಿಲ್ಲ, ದೀಪದ ಬತ್ತಿ ನೋಡುತ್ತ ನಿಂತೆ. ಬೆರಳಿಟ್ಟು ಒತ್ತಿದರು. ಮೊಗ್ಗುಗಳೆಲ್ಲ ಹಿಟ್ಟು ಕಲಸಿದ ಹಾಗೆ ಬಂದವು. ಇನ್ನೊಂದು ಸಲ. ಎಡಗೈಯಿಂದ ಬಲಗೈ ಹಿಡಿದುಕೊಂಡು ಇನ್ನೊಂದು ಸಲ.

ಮುಂದಿನ ಕೋಣೆಯಿಂದ ಯಾರೋ ಕೂಗಿದರು, “ಯಾರಿದೀರಿ? ಪಾಸ್‌ಪೋರ್ಟ್ ಫೋಟೋ ಆಗ್ಬೇಕಿತ್ತು!”

“ಬಂದೆ,” ಎಂದು ಚಿಕ್ಕ ಕ್ಯಾಮೆರಾ ತೆಗೆದುಕೊಂಡು ಹೋದರು. ಹೋಗುವಾಗ ನನ್ನ ಮುಖ ನೋಡಲಿಲ್ಲ.

ದಂಡೆಯ ತುದಿಯಲ್ಲಿ ಒಂದು ಮೊಗ್ಗು ಆಗಲೇ ಬಾಯಿ ಬಿಡಲು ಶುರು ಮಾಡಿತ್ತು. ಇನ್ನೊಂದಿಷ್ಟು ಹೊತ್ತು ಬಿಟ್ಟರೆ ಎಲ್ಲ ಬಿರಿಯುತ್ತವೆ, ಮಾರನೆ ದಿನ ಮತ್ತೆ ಮೊದಲಿನಿಂದ, ಮತ್ತೆ ಅದೇ ಬಾಲ. ಆಮೇಲೆ ಸೊಸೆ ಕಂಪ್ಯೂಟರಿನ ಹತ್ತಿರ ಹೋಗುತ್ತಾಳೆ. ಬೆಳಕಿನವಳು ಕ್ಯಾಮೆರಾ ಮುಟ್ಟಬಾರದು ಅನ್ನುವುದು ನೆನಪಿತ್ತು. ಮುಟ್ಟಿದೆ. ಅದರ ಇಂಗ್ಲಿಷ್ ನನಗೆ ಓದಲು ಬರುವುದಿಲ್ಲ, ಆದರೆ ಗಡಿಯಾರದ ಚಿತ್ರ ಯಾರಿಗೆ ಗೊತ್ತಾಗುವುದಿಲ್ಲ? ಅದಕ್ಕೆ ತಿರುಗಿಸಿದೆ. ಫೋಕಸ್ಸಿನ ಕೆಂಪು ಚುಕ್ಕಿಯನ್ನು ದೀಪದ ಹತ್ತಿರದ ಮೊಗ್ಗಿಗೆ ತಂದು ಗುಂಡಿ ಒತ್ತಿ ಕೈ ತೆಗೆದೆ. ಉಸಿರು ಹಿಡಿದೆ.

ನಮ್ಮಲ್ಲಿ ಎರಡು ಕೋಣೆಯ ಮಧ್ಯೆ ಇರುವುದು ಬರೀ ಪ್ಲೈವುಡ್. ಆಚೆ ಯಜಮಾನರು ಗಿರಾಕಿಗೆ ಹೇಳುತ್ತಿದ್ದರು, “ಗದ್ದ ಸ್ವಲ್ಪ ಕೆಳಗೆ...” ಆಗ ಈಚೆ ಕ್ಯಾಮೆರಾ ಟಕ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಕ್, ಕಣ್ಣು ಮುಚ್ಚಿದ್ದು. ಆಚೆ ಮಾತು ನಿಂತಿತು. ಆಮೇಲೆ, “ಗದ್ದ ಕೆಳಗೆ ಮಾಡಿ ಸ್ವಾಮಿ,” ಅಂದರು, ಅವರ ಫ್ಲ್ಯಾಷ್ ಹೊಡೆಯಿತು.

ಗಿರಾಕಿ ಹೋದ ಮೇಲೆ ಬಾಗಿಲಿಗೆ ಬಂದು ನಿಂತರು. ನಾನು ದೀಪ ಆರಿಸುತ್ತಿದ್ದೆ. ಪರದೆಯ ಮೇಲೆ ಫೋಟೋ ಇತ್ತು. ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. “ಹೂಂ” ಅನ್ನಲೂ ಇಲ್ಲ.

ಸೊಸೆ ಬಂದಾಗ ನಾನೇ ತೋರಿಸಿದೆ. ಬೆಳಕು ಹೊಕ್ಕು ಮೊಗ್ಗುಗಳು ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದ್ದವು, ಹಿಂದೆ ಜ್ವಾಲೆ ಅಲುಗದೆ ನಿಂತಿತ್ತು. ಅವಳಿಗೆ ಸಂಪಿಗೆಗಿಂತ ಇದೇ ಹಿಡಿಸಿತು.

“ಅಂಕಲ್, ಸೂಪರ್! ನಿಮ್ಮ ಕೈ ಕೈಯೇ!”

ಅಷ್ಟಕ್ಕೆ ಸುಮ್ಮನೆ ಹೂಂಗುಟ್ಟಿದ್ದರೆ ಮುಗಿಯುತ್ತಿತ್ತು. ಸಂಪಿಗೆಯ ದಿನ ಹಾಗೇ ಮಾಡಿದ್ದರು.

“ಇದು ನಾನು ತೆಗೆದಿದ್ದಲ್ಲ,” ಅಂದರು. “ಅವಳು ಒತ್ತಿದ್ದು. ಇದನ್ನ ಡಬ್ಬಿ ಮೇಲೆ ಹಾಕ್ಬೇಡಿ.”

ಅವಳು ನನ್ನ ಕಡೆ ತಿರುಗಿದಳು. “ಆಂಟಿ, ನೀವಾ?”

“ದೀಪ ಹಚ್ಚಿದ್ದು ನಾನು, ಒತ್ತಿದ್ದೂ ನಾನು,” ಅಂದೆ. “ಅವರಿಗೆ ಗಿರಾಕಿ ಬಂದಿದ್ರು.”

“ಅಯ್ಯೋ, ಯಾರ್ ಒತ್ತಿದ್ರೇನು ಅಂಕಲ್? ಚೆನ್ನಾಗಿ ಬಂದಿದ್ಯಲ್ಲ. ಇದೇ ಇರ್ಲಿ.” ಎಂದವಳು, ಚೀಲಕ್ಕೆ ಫೋನ್ ಹಾಕಿಕೊಳ್ಳುತ್ತ ನನ್ನನ್ನೇ ಕೇಳಿದಳು, “ಕೇದಿಗೆ ಯಾವಾಗ ಮಾಡ್ತೀರಾ ಆಂಟಿ?”

ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಎದುರಿಗೆ ನಾನಿದ್ದೆ, ನನ್ನನ್ನು ಕೇಳಿದಳು. ಯಜಮಾನರು ಕನ್ನಡಕ ತೆಗೆದು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಜೇಬಿಗೆ ಇಳಿಸಿ, ಚಪ್ಪಲಿ ಮೆಟ್ಟಿಕೊಂಡು ಶೇಷಾದ್ರಿಪುರದ ನಮ್ಮ ಮನೆಗೆ ಹೊರಟುಹೋದರು. ಆ ದಿನದಿಂದ ಸ್ಟುಡಿಯೋಕ್ಕೆ ಬಂದಿಲ್ಲ.

ಈಗ ಬಾಗಿಲು ತೆಗೆಯುವವಳು ನಾನು, ಪಾಸ್‌ಪೋರ್ಟ್ ಫೋಟೋ ತೆಗೆಯುವವಳೂ ನಾನು. ಬೆಳಕನ್ನು ಕಂಬಕ್ಕೆ ಕಟ್ಟಿ ಓಡಿಬಂದು ಕ್ಯಾಮೆರಾ ಹಿಡಿಯುತ್ತೇನೆ, ಬೆಳಕು ಸರಿಯಿಲ್ಲವೆಂದು ಮತ್ತೆ ಓಡುತ್ತೇನೆ. ಮೊಣಕಾಲು ಬೈಯುತ್ತದೆ. ಯಜಮಾನರೆಲ್ಲಿ ಎಂದು ಕೇಳಿದವರಿಗೆಲ್ಲ ಕಣ್ಣು ಸರಿಯಾಗಿ ಕಾಣುವುದಿಲ್ಲ ಅನ್ನುತ್ತೇನೆ. ಕೈ ಅನ್ನುವುದಿಲ್ಲ. ಕಣ್ಣು ಹೋದದ್ದಕ್ಕೆ ಜನ ಅಯ್ಯೋ ಅನ್ನುತ್ತಾರೆ, ಕೈ ನಡುಗುವುದಕ್ಕೆ ಏನು ಕುಡೀತಿದ್ರಾ ಎಂದು ಕೇಳುತ್ತಾರೆ.

ಅದನ್ನು ಯಾರೋ ಹೋಗಿ ಅವರಿಗೆ ಹೇಳಿದ್ದಾರೆ. ಕಂಪನಿಯವರು ಹೊಸ ಡಬ್ಬಿ ಕಳಿಸಿದ ಸಂಜೆ, ಮಲ್ಲಿಗೆ ಡಬ್ಬಿಯನ್ನು ಟಿವಿಯ ಬೆಳಕಿಗೆ ಹಿಡಿದುಕೊಂಡು ಕೂತಿದ್ದರು. ಡಬ್ಬಿ ಕೈಯಲ್ಲಿ ಗಡಗಡ ಅನ್ನುತ್ತಿತ್ತು.

“ನಂಗೆ ಕಣ್ಣು ಕಾಣಲ್ಲ ಅಂತ ಹೇಳ್ತಿದೀಯಂತೆ?”

“ಇನ್ನೇನ್ ಹೇಳ್ಲಿ?”

“ಇಲ್ಲಿ ನೋಡು. ನೀನು ಫೋಕಸ್ ಇಟ್ಟಿರೋದು ದೀಪದ ಹತ್ರ ಇರೋ ಮೊಗ್ಗಿಗೆ. ಮುಂದಿರೋ ದಂಡೆ ಎಲ್ಲಾ ಮಬ್ಬು. ಡಬ್ಬಿ ಹಿಡಿಯೋರಿಗೆ ಮೊದ್ಲು ಕಾಣೋದೇ ಅದು. ಕಣ್ಣಂತೆ!”

ಡಬ್ಬಿ ಕಿತ್ತುಕೊಂಡು ಟ್ಯೂಬ್‌ಲೈಟಿನ ಕೆಳಗೆ ಹೋಗಿ ನೋಡಿದೆ. ಮುಂದಿನ ಮೊಗ್ಗುಗಳು ಮಬ್ಬಾಗಿದ್ದವು. ಅವರು ಹೇಳಿದ್ದು ನಿಜ. ಸೊಸೆಗೂ ಗೊತ್ತಾಗಿರಲಿಲ್ಲ, ನನಗೂ ಗೊತ್ತಾಗಿರಲಿಲ್ಲ. ಊರಿಗೆಲ್ಲ ಹಂಚಲು ಡಬ್ಬಿ ಅಚ್ಚಾಗಿತ್ತು.

“ನಾಳೆ ಕೇದಿಗೆ ಇದೆ, ಬನ್ನಿ,” ಅಂದೆ.

“ಬರಲ್ಲ.”

“ಬರ್ಬೇಡಿ. ಫೋಕಸ್ ಎಲ್ಲಿಗಿಡ್ಲಿ, ಅಷ್ಟಾದ್ರೂ ಹೇಳಿ. ಮುಂದಿನ ಗರಿಗಾ, ನಡುವಿನ ಹೂವಿಗಾ?”

ಅವರು ಟಿವಿಯ ಸದ್ದು ಜೋರು ಮಾಡಿದರು. ನಾಳೆ ಫೋಕಸ್ಸೂ ನನ್ನ ತಲೆಗೇ ಬಂತು. ಒಳಗೆ ಹೋಗಿ ಅಕ್ಕಿ ತೊಳೆದು ಒಲೆಗಿಟ್ಟೆ.